ಫ್ಯಾನ್ ನಂದು, ಹುಕ್ ಸಿವಿಲ್‌ನೋರ್ದು

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮ ಕ್ವಾರ್ಟರ್ಸ್‌ನ ನಡುಮನೆ ಫ್ಯಾನು ತೂಗಾಡಲು ಶುರುವಾಯಿತು. ಅವ್ವ ದೂರು ಬರೆಸಿದಳು. ಎಲೆಕ್ಟ್ರಿಕಲ್‌ನವರು ಬಂದರು, ಸ್ಟೂಲ್ ಹತ್ತಿದರು, ಮ್ಯಾಲೆ ನೋಡಿ ಇಳಿದರು. "ಫ್ಯಾನ್ ನಂದ್ರೀ ಅಕ್ಕಾರ, ಹುಕ್ ಸಿವಿಲ್‌ನೋರ್ದು. ಹುಕ್ ಸಡ್ಲ ಆಗೈತಿ." ಮೂರು ದಿನ ಬಿಟ್ಟು ಸಿವಿಲ್‌ನವರು ಬಂದರು. "ಫ್ಯಾನ್ ಇಳಿಸದ ಹುಕ್ ಹೆಂಗ ಮುಟ್ಟೂದ್ರೀ? ಅದು ಅವರು ಇಳಿಸಬೇಕು." ಅವ್ವ ಹಣೆ ಚಚ್ಚಿಕೊಂಡಳು. ಆ ಬೇಸಿಗೆ ಇಡೀ ನಾವು ಪಡಸಾಲೆಯಲ್ಲೇ ಮಲಗಿದ್ದು.

ಈ ಕಥೆ ಹೇಳಿ ಎಷ್ಟೋ ವರ್ಷ ಜನರನ್ನು ನಗಿಸಿದ್ದೇನೆ. ಈಗ ಅಷ್ಟು ಸಲೀಸಾಗಿ ನಗು ಬರುವುದಿಲ್ಲ. ಅದಕ್ಕೆ ಅಮೆರಿಕದ ರೈಲ್ವೆಯ ಒಂದು ಹಳೇ ಜಗಳ ಕಾರಣ.

ಅಲ್ಲಿನ ರೈಲ್ವೆ ಕಾರ್ಮಿಕ ಸಂಘಗಳು ಕಸುಬಿನ ಮೇಲೆ ಕಟ್ಟಿದವು. ಲೋಕೋ ಶೆಡ್ಡಿನೊಳಗೇ ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಬಾಯ್ಲರ್ ಕೆಲಸದವರು, ಕಮ್ಮಾರರು, ಶೀಟ್ ಮೆಟಲ್‌ನವರು, ಬೋಗಿ ರಿಪೇರಿಯವರು, ಎಲ್ಲ ಬೇರೆ ಬೇರೆ. ಯಾವ ಕೆಲಸ ಯಾರದ್ದು ಅನ್ನುವುದು ಕಂಪನಿ ಜೊತೆಗಿನ ಒಪ್ಪಂದದಲ್ಲೇ ಬರೆದಿರುತ್ತದೆ. ಅದಕ್ಕೆ ಸ್ಕೋಪ್ ರೂಲ್ ಅಂತ ಹೆಸರು. ಒಂದು ಎಂಜಿನ್ ಬಿಡಿಭಾಗ ಬಿಚ್ಚಬೇಕೆಂದರೆ ವೈರ್ ಎಲೆಕ್ಟ್ರಿಷಿಯನ್‌ದು, ಪೈಪ್ ಶೀಟ್ ಮೆಟಲ್‌ನವರದು, ಬೋಲ್ಟ್ ಮೆಷಿನಿಸ್ಟ್‌ದು. ನಮ್ಮ ಫ್ಯಾನಿನ ಕಥೆಯೇ, ಸ್ಟೂಲ್ ಸ್ವಲ್ಪ ದೊಡ್ಡದು ಅಷ್ಟೇ. ನಿಮ್ಮ ಕೆಲಸ ಬೇರೆಯವರ ಕೈಯಲ್ಲಿ ಮಾಡಿಸಿದರೋ, ನೀವು ಕ್ಲೇಮ್ ಹಾಕಿ ಆ ಕೆಲಸದ ಕೂಲಿ ಕೇಳಬಹುದು.

1969ರ ಡಿಸೆಂಬರ್‌ನಲ್ಲಿ ಶೆಡ್ಡಿನ ನಾಲ್ಕು ಸಂಘಗಳು ಒಟ್ಟಿಗೆ ಕೂತು ಕಂಪನಿಗಳ ಜೊತೆ ಒಂದು ಒಪ್ಪಂದಕ್ಕೆ ಬಂದವು. ಸಂಬಳ ಏರಿಕೆ ಇತ್ತು. ಜೊತೆಗೊಂದು ಹೊಸ ನಿಯಮವೂ ಇತ್ತು: ಸಣ್ಣ ರಿಪೇರಿ ನಡೆಯುವ ಜಾಗಗಳಲ್ಲಿ, ತನ್ನ ಮುಖ್ಯ ಕೆಲಸಕ್ಕೆ ಅಡ್ಡ ಬರುವ ಇನ್ನೊಂದು ಕಸುಬಿನ ಚಿಲ್ಲರೆ ಕೆಲಸವನ್ನು ಇದ್ದವನೇ ಮಾಡಿಬಿಡಬಹುದು. ಮೂರು ಸಂಘಗಳ ಸದಸ್ಯರು ಒಪ್ಪಿದರು. ಶೀಟ್ ಮೆಟಲ್‌ನವರು ಮತ ಹಾಕಿ ಬೇಡ ಅಂದರು. ಸಂಬಳ ಸಾಲದು ಅಂತಲ್ಲ, ಆ ನಿಯಮ ಬೇಡ ಅಂತ. ಮುಷ್ಕರದ ಮಾತು ದೇಶದ ರೈಲೆಲ್ಲ ನಿಲ್ಲುವ ಮಟ್ಟಕ್ಕೆ ಹೋಯಿತು. ಕೊನೆಗೆ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು, ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು, ಬೇಡ ಅಂದವರ ತಲೆಗೂ ಅದೇ ಒಪ್ಪಂದ ಕಟ್ಟಿದರು.

ಒಂದು ಪೈಪಿನ ನಟ್ಟಿಗೆ ದೇಶದ ರೈಲು ನಿಲ್ಲಿಸುತ್ತೀರಾ ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಶೀಟ್ ಮೆಟಲ್‌ನವನ ಕಡೆ ನಿಂತು ಲೆಕ್ಕ ಹಾಕಿ ನೋಡಿ. ಅವನ ದಿನದ ಕೆಲಸದಲ್ಲಿ ಬಹುಪಾಲು ಇಂಥ ಚಿಲ್ಲರೆಯೇ. ಇಲ್ಲೊಂದು ಜಾಯಿಂಟ್, ಅಲ್ಲೊಂದು ಸೋರಿಕೆ. ಮೆಷಿನಿಸ್ಟ್‌ಗೆ ಅದು ಹತ್ತು ನಿಮಿಷದ ಉಪಕಾರ. ಇವನಿಗೆ ಅಂಥ ಹತ್ತು ನಿಮಿಷಗಳನ್ನು ಪೋಣಿಸಿದರೇನೇ ಒಂದು ಪಾಳಿ. ಮೊದಲು ರಾತ್ರಿ ಪಾಳಿಯ ಹುದ್ದೆ ಹೋಗುತ್ತದೆ, ಆಮೇಲೆ ಸಣ್ಣ ಶೆಡ್ಡಿನದು. ಉಳಿದ ಮೂರು ಸಂಘಗಳು ಧಾರಾಳವಾಗಿ ಒಪ್ಪಿದ್ದರಲ್ಲಿ ನನಗೇನೂ ದೊಡ್ಡತನ ಕಾಣುವುದಿಲ್ಲ. ಕಳೆದುಕೊಳ್ಳುವ ಭಯ ಹೆಚ್ಚಿದ್ದವರು ಅವರಲ್ಲವಲ್ಲ.

ಹಾಗಂತ ಸಂಘಗಳೆಲ್ಲ ಹಾಲಿನಲ್ಲಿ ತೊಳೆದವರೂ ಅಲ್ಲ. ಯೂನಿಯನ್ ಪೆಸಿಫಿಕ್ ಅನ್ನುವ ರೈಲು ಕಂಪನಿಯಲ್ಲಿ 1952ರಲ್ಲಿ ಐಬಿಎಂನ ಸ್ವಯಂಚಾಲಿತ ಯಂತ್ರಗಳು ಬಂದವು. ಅದುವರೆಗೆ ಗುಮಾಸ್ತರ ಕೆಲಸ ಗುಮಾಸ್ತರದು, ಟೆಲಿಗ್ರಾಫ್‌ನವರ ಕೆಲಸ ಅವರದು. ಯಂತ್ರ ಎರಡನ್ನೂ ಒಂದು ಮಾಡಿತು. ಕಂಪನಿ ಅದನ್ನು ಗುಮಾಸ್ತರ ಕೈಗೆ ಕೊಟ್ಟಿತು. ಟೆಲಿಗ್ರಾಫ್‌ನವರು ಶಿಕಾಗೋದ ರೈಲ್ವೆ ವಿವಾದ ಮಂಡಳಿಗೆ ಹೋದರು. 1934ರಲ್ಲಿ ಹುಟ್ಟಿದ ಆ ಮಂಡಳಿಯಲ್ಲಿ ಅರ್ಧ ಕಂಪನಿಯವರು, ಅರ್ಧ ಸಂಘದವರು. ಸಮಸಮ ಆದರೆ ಹೊರಗಿನಿಂದ ಒಬ್ಬ ರೆಫರಿ ಬರುತ್ತಾನೆ. ಗುಮಾಸ್ತರ ಸಂಘ ಆ ಕಡೆ ತಲೆ ಹಾಕಲಿಲ್ಲ. ತೀರ್ಪು ಟೆಲಿಗ್ರಾಫ್‌ನವರ ಪರ ಬಂತು. ಹಾಗಾದರೆ ನಾಳೆ ಗುಮಾಸ್ತರೂ ಬಂದು ಅದೇ ಕೆಲಸಕ್ಕೆ ಕೂಲಿ ಕೇಳಿದರೆ? ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ, 1966ರಲ್ಲಿ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಬರೆದ ತೀರ್ಪು ಹೊರಬಿತ್ತು: ಇಬ್ಬರನ್ನೂ ಒಂದೇ ಪಂಚಾಯ್ತಿಗೆ ಕರೆಸಿ, ಒಂದೇ ಸಲ ಇತ್ಯರ್ಥ ಮಾಡಿ.

ಎರಡು ಮನೆಯ ಜಗಳವನ್ನು ಒಂದೇ ಕಟ್ಟೆಯ ಮೇಲೆ ಬಗೆಹರಿಸಿ ಅನ್ನೋಕೆ ಹದಿನಾಲ್ಕು ವರ್ಷ! ನಮ್ಮೂರ ಗೌಡರು ಒಂದು ಬೀಡಿ ಸೇದುವಷ್ಟರಲ್ಲಿ ಹೇಳುತ್ತಿದ್ದರು. ಇನ್ನೂ ತಮಾಷೆ ಮುಂದಿದೆ. ತೀರ್ಪಾಗಿ ಮೂರೇ ವರ್ಷಕ್ಕೆ, 1969ರಲ್ಲಿ, ಟೆಲಿಗ್ರಾಫ್‌ನವರ ಸಂಘ ಹೋಗಿ ಸೇರಿಕೊಂಡಿದ್ದು ಅದೇ ಗುಮಾಸ್ತರ ಸಂಘವನ್ನು. ಇದನ್ನು 1952ರಲ್ಲೇ ಮಾಡಿದ್ದರೆ ಯಂತ್ರದ ಮುಂದೆ ಯಾರು ಕೂರಬೇಕು ಅಂತ ಕಂಪನಿಯನ್ನು ಇಬ್ಬರೂ ಸೇರಿ ಕೇಳಬಹುದಿತ್ತು. ಯಂತ್ರ ತಂದವರು ಆರಾಮಾಗಿದ್ದರು, ಜಗಳ ಆಡಿದ್ದು ಮಾತ್ರ ಎರಡು ಕುರ್ಚಿಯವರು.

ಪಾಠ ಕಲಿತರೇ? 2000ದ ನಂತರ ಯಾರ್ಡ್‌ಗಳಿಗೆ ರಿಮೋಟ್ ಬಂತು. ನೆಲದ ಮೇಲೆ ನಿಂತವನೇ ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು ಎಂಜಿನ್ ಓಡಿಸಬಹುದು. ಎಂಜಿನ್ ಓಡಿಸುವುದು ನಮ್ಮ ಕಸುಬು ಅಂದರು ಚಾಲಕರ ಸಂಘದವರು. ಕಂಪನಿಗಳು ಶಂಟಿಂಗ್ ಸಿಬ್ಬಂದಿಯ ಸಂಘದ ಜೊತೆ ಒಪ್ಪಂದ ಮಾಡಿಕೊಂಡವು. ಮತ್ತೆ ಅದೇ ಹಾಡು.

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1974ರಲ್ಲಿ ರೈಲ್ವೆ ಮುಷ್ಕರ ಮಾಡಿಸಿದಾಗ ಬೇರೆ ಬೇರೆ ವಿಭಾಗದ ಸಂಘಗಳನ್ನೆಲ್ಲ ಒಂದು ಸಮಿತಿಯ ಕೆಳಗೆ ತಂದಿದ್ದರು. ಆ ಮುಷ್ಕರ ಸೋತಿತು, ಅದು ಬೇರೆ ಮಾತು. ಡ್ರೈವರ್, ಫಿಟ್ಟರ್, ಗ್ಯಾಂಗ್‌ಮನ್ ಒಂದೇ ಪಟ್ಟಿಯಲ್ಲಿ ಬೇಡಿಕೆ ಇಡುವುದು ಎಂಥ ಕಷ್ಟದ ಕೆಲಸ ಅಂತ ಈ ಅಮೆರಿಕದ ಕಥೆ ಓದಿದ ಮೇಲೇ ನನಗೆ ಅಂದಾಜಾಗಿದ್ದು.

ಹಾಂ, ನಮ್ಮ ಫ್ಯಾನು. ಮಳೆಗಾಲ ಶುರುವಾದ ಮೇಲೆ ಇಬ್ಬರೂ ಒಂದೇ ದಿನ ಬಂದರು. ಒಬ್ಬರು ಫ್ಯಾನ್ ಇಳಿಸಿ ಎದೆಗೆ ಅವಚಿಕೊಂಡು ನಿಂತರು, ಇನ್ನೊಬ್ಬರು ಹುಕ್ ಸುತ್ತ ಸಿಮೆಂಟ್ ಮೆತ್ತಿದರು. ಸಿಮೆಂಟ್ ಆರಬೇಕು ಅಂತ ಮರುದಿನ ಮತ್ತೆ ಬಂದು ಏರಿಸಿದರು. ಅವ್ವ ಎರಡೂ ದಿನ ಇಬ್ಬರಿಗೂ ಚಹಾ ಕೊಟ್ಟಳು, ಬೈಯುತ್ತಲೇ.

ಮೊನ್ನೆ ಅದೇ ಕ್ವಾರ್ಟರ್ಸ್‌ಗೆ ಪರಿಚಯದವರನ್ನು ನೋಡಲು ಹೋಗಿದ್ದೆ. ಈಗ ಗುತ್ತಿಗೆದಾರನ ಕಡೆಯ ಒಬ್ಬನೇ ಹುಡುಗ ಬರುತ್ತಾನಂತೆ. ಫ್ಯಾನು, ಹುಕ್ಕು, ನಲ್ಲಿ, ಗಟಾರ ಎಲ್ಲ ಅವನೇ. ಸ್ಟೂಲ್ ಮೇಲೆ ನಿಂತಿದ್ದವನನ್ನು ಕೇಳಿದೆ, ಯಾವ ಡಿಪಾರ್ಟ್‌ಮೆಂಟ್ ತಮ್ಮಾ ಅಂತ. "ಡಿಪಾರ್ಟ್‌ಮೆಂಟ್ ಎಲ್ಲಿದ್ರೀ ಸರ, ದಿನಗೂಲಿ" ಅಂದ, ಸ್ಕ್ರೂ ಡ್ರೈವರ್ ಬಾಯಲ್ಲಿ ಕಚ್ಚಿಕೊಂಡೇ.