ಎಚ್-1ಬಿ ನೌಕರರಿಗೆ ಎರಡನೆಯ ದುಡಿಮೆ ಬೇಕೇ?

ಅಮೆರಿಕದಲ್ಲಿ ಎಚ್-1ಬಿ ವೀಸಾದ (ಪದವಿ ಬೇಡುವ ವಿಶೇಷ ವೃತ್ತಿಗಳಿಗೆ ಹೊರದೇಶದವರನ್ನು ಕರೆಸಿಕೊಳ್ಳುವ ವೀಸಾ) ಮೇಲೆ ಇರುವವರು ತಮಗಾಗಿ ಅರ್ಜಿ ಸಲ್ಲಿಸಿದ ಕಂಪನಿಯಲ್ಲಿ ಮಾತ್ರ ದುಡಿಯಬೇಕು. ಬೇರೆ ಕಡೆ ಅರೆಕಾಲಿಕ ಕೆಲಸ ಬೇಕೆಂದರೆ ಆ ಎರಡನೆಯ ಮಾಲೀಕರೂ ಪ್ರತ್ಯೇಕ ಅರ್ಜಿ ಹಾಕಬೇಕು. ಈ ಕಟ್ಟುಪಾಡು ಸಡಿಲವಾಗಬೇಕೇ?

ಪರ: ಬಿಡುವಿನ ಹೊತ್ತು ಕಂಪನಿಯದಲ್ಲ

ಎಚ್-1ಬಿಯವರ ಹಣ ದುಡಿಯಬಹುದು, ಕೈ ದುಡಿಯುವಂತಿಲ್ಲ. ಷೇರು ಕೊಂಡು ಲಾಭಾಂಶ ಪಡೆದರೆ, ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಶನಿವಾರ ನಾಲ್ಕು ಮಕ್ಕಳಿಗೆ ಮೃದಂಗ ಕಲಿಸಿ ಶುಲ್ಕ ಪಡೆದರೆ ಮಾತ್ರ ಅದು ಅಕ್ರಮ ದುಡಿಮೆ. ಇಂಥ ದುಡಿಮೆ, ವೀಸಾದ ಷರತ್ತು ಮುರಿದ ಇತರ ದಿನಗಳೊಂದಿಗೆ ಸೇರಿ, 180 ದಿನ ಮೀರಿದರೆ ಅಮೆರಿಕದೊಳಗಿದ್ದೇ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪಡೆಯುವ ದಾರಿ ಮುಚ್ಚುತ್ತದೆ. ಮೃದಂಗ ಪಾಠಕ್ಕೆ ಇಷ್ಟು ದೊಡ್ಡ ದಂಡ!

ಒಂದೇ ಮನೆಯೊಳಗಿನ ವಿಚಿತ್ರವನ್ನು ನೋಡಿ. ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ನಿರ್ದಿಷ್ಟ ಹಂತ ದಾಟಿದ ನೌಕರರ ಗಂಡ ಅಥವಾ ಹೆಂಡತಿಗೆ 2015ರಿಂದ ಎಚ್-4 ಎಂಬ ಅವಲಂಬಿತರ ವೀಸಾದಲ್ಲೇ ಕೆಲಸದ ಪರವಾನಗಿ ಸಿಗುತ್ತಿದೆ. ಆ ಪರವಾನಗಿ ಇದ್ದ ಹೆಂಡತಿ ಟ್ಯಾಕ್ಸಿ ಓಡಿಸಬಹುದು, ಅಂಗಡಿ ತೆರೆಯಬಹುದು, ಚಕ್ಕುಲಿ ಕೋಡುಬಳೆ ಮಾಡಿ ಮಾರಬಹುದು. ಆಕೆಗೆ ಈ ಹಕ್ಕು ಬಂದದ್ದು ಗಂಡನ ವೀಸಾದಿಂದ. ಆ ಗಂಡ ಅದೇ ಅಂಗಡಿಯ ಗಲ್ಲಾದಲ್ಲಿ ಕೂತರೆ ತಕರಾರು.

ಎರಡನೆಯ ಮಾಲೀಕರ ಅರ್ಜಿಯ ದಾರಿ ಇದೆಯಲ್ಲ ಎನ್ನುವವರಿದ್ದಾರೆ. ಆಸ್ಪತ್ರೆಗೋ ವಿಶ್ವವಿದ್ಯಾಲಯಕ್ಕೋ ಅದು ಸಾಧ್ಯ. ವಾರಕ್ಕೆ ಆರು ಗಂಟೆಯ ಕೆಲಸಕ್ಕಾಗಿ ವಕೀಲರ ಶುಲ್ಕ, ಸರ್ಕಾರದ ಶುಲ್ಕ ಎರಡನ್ನೂ ತೆರುವ ಸಣ್ಣ ಸಂಸ್ಥೆ ಎಲ್ಲಿದೆ? ಅದರ ಮೇಲೆ, ಆ ಕೆಲಸವೂ ಪದವಿ ಬೇಡುವ ವಿಶೇಷ ವೃತ್ತಿಯೇ ಆಗಿರಬೇಕು. ಬ್ರಿಟನ್ ಇಷ್ಟು ಹಿಂಜರಿಯಲಿಲ್ಲ. ಅಲ್ಲಿ ಸ್ಕಿಲ್ಡ್ ವರ್ಕರ್ ವೀಸಾದವರು ಮುಖ್ಯ ಕೆಲಸವನ್ನು ಉಳಿಸಿಕೊಂಡು, ಅರ್ಹ ಹುದ್ದೆಗಳಲ್ಲಿ ವಾರಕ್ಕೆ 20 ಗಂಟೆಯವರೆಗೆ ಹೊರಗೆ ದುಡಿಯಬಹುದು. ಅದಕ್ಕೆ ಹೊಸ ಪ್ರಾಯೋಜಕರು ಬೇಕಿಲ್ಲ.

ಎಚ್-1ಬಿ ತಾತ್ಕಾಲಿಕ ವೀಸಾ, ಸಾಮಾನ್ಯವಾಗಿ ಆರು ವರ್ಷದ್ದು. ಆದರೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ, ಸರದಿಯಲ್ಲಿ ಕಾಯುವ ಭಾರತೀಯರು ಅದನ್ನೇ ನವೀಕರಿಸುತ್ತ ದಶಕ ಕಳೆಯುತ್ತಾರೆ. ನಡುವೆ ಕೆಲಸ ಹೋದರೆ ಹೊಸ ಮಾಲೀಕರನ್ನು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಮೊದಲೇ ಇನ್ನೊಂದು ಕಂಪನಿಯಲ್ಲಿ ಅರೆಕಾಲಿಕವಾಗಿ ದುಡಿದು ಪರಿಚಯವಿದ್ದವರು ಆ 60 ದಿನಗಳನ್ನು ಬೇರೆ ರೀತಿಯಲ್ಲೇ ಎದುರಿಸುತ್ತಾರೆ.

ವಿರೋಧ: ಈ ಕಟ್ಟು ಮಾಲೀಕರಿಗೂ ಇದೆ

ಚಕ್ಕುಲಿ ಅಂಗಡಿಯ ಉದಾಹರಣೆಗೆ ನಗು ಬರುತ್ತದೆ, ಒಪ್ಪಿದೆ. ಮೃದಂಗ ಪಾಠದಿಂದ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಈ ನಿಯಮವನ್ನು ಸಂಗೀತಗಾರರನ್ನು ಕಣ್ಣ ಮುಂದಿಟ್ಟುಕೊಂಡು ಅಳೆಯಬಾರದು. ಪ್ರಾಜೆಕ್ಟ್ ಇಲ್ಲದೆ ‘ಬೆಂಚಿನ ಮೇಲೆ’ ಕುಳಿತ ಸಾಫ್ಟ್‌ವೇರ್ ನೌಕರರನ್ನು ಇಟ್ಟುಕೊಂಡು ಅಳೆಯಬೇಕು.

ಎಚ್-1ಬಿ ಅರ್ಜಿ ಹಾಕುವ ಕಂಪನಿ ಮೊದಲು ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು: ಆ ಹುದ್ದೆಗೆ ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಸಂಬಳ ಮತ್ತು ತಾನು ಅಂಥ ನೌಕರರಿಗೆ ಕೊಡುತ್ತಿರುವ ಸಂಬಳ, ಇವೆರಡರಲ್ಲಿ ಹೆಚ್ಚಿನದನ್ನು ಕೊಡುತ್ತೇನೆ ಎಂದು. ಪ್ರಾಜೆಕ್ಟ್ ಇಲ್ಲದೆ ನೌಕರ ಸುಮ್ಮನೆ ಕುಳಿತರೂ ಸಂಬಳ ನಿಲ್ಲಿಸುವಂತಿಲ್ಲ. ಜನರನ್ನು ಎರವಲು ಕೊಟ್ಟು ಬದುಕುವ ಸಣ್ಣ ಕನ್ಸಲ್ಟೆನ್ಸಿಗಳಿಗೆ ಈ ಕೊನೆಯ ಷರತ್ತು ನುಂಗಲಾರದ ತುತ್ತು. ಈಗಲೇ ಅದರಿಂದ ನುಣುಚಿಕೊಳ್ಳುವವರಿದ್ದಾರೆ. ನಾಳೆ ಹೊರಗೆ 20 ಗಂಟೆ ದುಡಿಯಲು ಅನುಮತಿ ಬಂದರೆ ಅವರು ಮೊದಲು ಹೇಳುವ ಮಾತು ಇದು: ‘ಪ್ರಾಜೆಕ್ಟ್ ಸಿಗುವ ತನಕ ಹೊರಗೆ ಏನಾದರೂ ನೋಡಿಕೊಳ್ಳಿ.’ ಕಾನೂನು ಅದನ್ನು ನಿಷೇಧಿಸಿಯೇ ಇರಲಿ. ಗ್ರೀನ್ ಕಾರ್ಡಿನ ಕಡತ ಮಾಲೀಕರ ಕೈಯಲ್ಲಿರುವಾಗ ಆಗುವುದಿಲ್ಲ ಎನ್ನುವ ನೌಕರರು ಎಷ್ಟು ಮಂದಿ?

ಬ್ರಿಟನ್ ಮಾದರಿಯನ್ನು ಹೊಗಳುವವರು ಅಲ್ಲಿನ ವೃದ್ಧರ ಆರೈಕೆ ಕ್ಷೇತ್ರವನ್ನೂ ನೋಡಲಿ. ವೀಸಾ ಕೊಟ್ಟು ಕರೆಸಿಕೊಂಡು, ಹೇಳಿದಷ್ಟು ಗಂಟೆಗಳ ಕೆಲಸವನ್ನೇ ಕೊಡದ ಪ್ರಾಯೋಜಕರ ಮೇಲೆ ದೂರುಗಳ ಸರಮಾಲೆಯೇ ಬಂತು. 20 ಗಂಟೆಯ ಅವಕಾಶ ಆ ನೌಕರರನ್ನು ಕಾಯಲಿಲ್ಲ. 2025ರ ಜುಲೈನಲ್ಲಿ ಸರ್ಕಾರ ಆ ಕೆಲಸಕ್ಕೆ ಹೊರದೇಶಗಳಿಂದ ಹೊಸಬರನ್ನು ನೇಮಿಸಿಕೊಳ್ಳುವುದನ್ನೇ ನಿಲ್ಲಿಸಿತು.

ಇನ್ನು, ಸರ್ಕಾರ ಒಪ್ಪಿದರೂ ಕಂಪನಿಯ ಒಪ್ಪಂದ ಒಪ್ಪಬೇಕಲ್ಲ. ವೀಸಾದ ಗೊಡವೆಯೇ ಇಲ್ಲದ ನಮ್ಮ ಬೆಂಗಳೂರಿನ ವಿಪ್ರೋ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಮನೆಗೆ ಕಳುಹಿಸಿದ್ದಾಗಿ 2022ರಲ್ಲಿ ಹೇಳಿತ್ತು.

ಪರ ವಾದದಲ್ಲಿ ನನ್ನನ್ನು ಕಾಡುವುದು 60 ದಿನದ ಮಾತು. ಅದಕ್ಕೆ ಮದ್ದು ಎರಡನೆಯ ಕೆಲಸವಲ್ಲ. ಆ ಗಡುವನ್ನು 180 ದಿನಕ್ಕೆ ಏರಿಸಲಿ, ಶೇ. 7ರ ಮಿತಿಯನ್ನು ತೆಗೆಯಲಿ. ಮಾಲೀಕರನ್ನು ಬಿಟ್ಟು ಹೋಗುವ ಧೈರ್ಯ ನೌಕರರಿಗೆ ಬಂದ ಮೇಲೆ ಮೃದಂಗ ಪಾಠದ ಶುಲ್ಕದ ವಿಚಾರವನ್ನು ಮಾತನಾಡೋಣ.