ಹೊಗೆ ಕಾಣುತ್ತದೆ, ನೋವು ಕಾಣುವುದಿಲ್ಲ

ಕೋಡು ಬೆಳೆಯದಿರಲೆಂದು ಕರುವಿನ ನೆತ್ತಿಗೆ ಒತ್ತಿದ ಕಾದ ಕಬ್ಬಿಣ, ಮೇಲೇಳುವ ಹೊಗೆ, ಕತ್ತು ಅದುಮಿ ಹಿಡಿದ ಇಬ್ಬರು. ಇಂಥ ಇಪ್ಪತ್ತು ಸೆಕೆಂಡಿನ ವಿಡಿಯೋ ಹರಿದಾಡಿದ್ದೇ ತಡ, ಒಂದು ಕಡೆಯವರು 'ರಾಕ್ಷಸರು' ಅಂತಾರೆ, ಇನ್ನೊಂದು ಕಡೆಯವರು 'ಸಗಣಿ ಮುಟ್ಟದವರಿಗೇನು ಗೊತ್ತು' ಅಂತಾರೆ. ಕೇಳಬೇಕಾದ ಪ್ರಶ್ನೆ ಮಾತ್ರ ಇಬ್ಬರ ಬಾಯಲ್ಲೂ ಬರುವುದಿಲ್ಲ: ಹತ್ತು ನಿಮಿಷ ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೋ ಇಲ್ಲವೋ?

ಕರುವಿಗೆ ಸುಮಾರು ಎರಡು ತಿಂಗಳಾಗುವವರೆಗೆ ಕೋಡಿನ ಮೊಗ್ಗು ಚರ್ಮದಲ್ಲೇ ಸಡಿಲವಾಗಿರುತ್ತದೆ. ಆಮೇಲೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ, ಕೋಡು ಬೆಳೆದಂತೆ ಹಣೆಯ ಒಳಗಿನ ಟೊಳ್ಳು ಅದರೊಳಕ್ಕೂ ಹಬ್ಬುತ್ತದೆ. ದೊಡ್ಡ ದನದ ಕೋಡು ಕೊಯ್ದರೆ ಆ ಟೊಳ್ಳೇ ತೆರೆದುಕೊಂಡು ರಕ್ತ, ಕೀವು, ನೊಣದ ಹುಳು ಎಲ್ಲಕ್ಕೂ ದಾರಿಯಾಗುತ್ತದೆ. ಹಾಗಾಗಿ ಸುಡುವುದೇ ಆದರೆ ಮೊದಲ ಕೆಲವು ವಾರಗಳಲ್ಲೇ ಸುಡಬೇಕು. ಕಣ್ಣಿನ ಹೊರತುದಿಯಿಂದ ಕೋಡಿನ ಬುಡಕ್ಕೆ ಹೋಗುವ ಮೂಳೆಯ ಏಣಿನ ಕೆಳಗೆ ಕೋಡಿನ ನರ ಹಾಯುತ್ತದೆ. ಅದರ ನಡುಮಧ್ಯದಲ್ಲಿ ಪ್ರತಿ ಬದಿಗೂ 5 ಮಿಲೀ ಆಸುಪಾಸು 2 ಶೇಕಡಾ ಲಿಡೊಕೇನ್ ಎಂಬ ಮರಗಟ್ಟಿಸುವ ಮದ್ದು ಕೊಟ್ಟು, ಹತ್ತು ನಿಮಿಷ ಕಾದು, ಮೊಗ್ಗಿನ ಸುತ್ತ ಸೂಜಿ ಚುಚ್ಚಿ ನೋಡಬೇಕು. ಕರು ತಲೆ ಕೊಸರಿದರೆ ಇನ್ನೂ ಕಾಯಬೇಕು. ಕಬ್ಬಿಣ ಚೆನ್ನಾಗಿ ಕಾದಿದ್ದರೆ 10-15 ಸೆಕೆಂಡಿನಲ್ಲಿ ಮೊಗ್ಗಿನ ಸುತ್ತ ತಾಮ್ರದ ಬಣ್ಣದ ಉಂಗುರ ಮೂಡುತ್ತದೆ, ಅಲ್ಲಿಗೆ ಸಾಕು. ಅರೆ ಕಾದ ಕಬ್ಬಿಣವನ್ನು ಒಂದು ನಿಮಿಷ ಒತ್ತಿ ಹಿಡಿಯುವುದೇ ದೊಡ್ಡ ತಪ್ಪು. ಆಡಿನ ಮರಿಯಲ್ಲಂತೂ ಬುರುಡೆ ತೆಳು, ಕಾವು ಮಿದುಳಿಗೇ ತಟ್ಟುತ್ತದೆ. ಲಿಡೊಕೇನ್ ಕೂಡ ಆಡಿಗೆ ಬೇಗ ವಿಷವಾಗುತ್ತದೆ, ಕರುವಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಒಂದೂವರೆ ಎರಡು ಗಂಟೆಗೆ ಮರಗಟ್ಟಿದ್ದು ಇಳಿಯುತ್ತದೆ. ನಿಜವಾದ ನೋವು ಶುರುವಾಗುವುದು ಆಗ, ಕ್ಯಾಮೆರಾ ಹೊರಟು ಹೋದ ಮೇಲೆ. ಅದಕ್ಕೇ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಮದ್ದು, ಕಿಲೋ ತೂಕಕ್ಕೆ 0.5 ಮಿಲಿಗ್ರಾಂ. 'ಕರು ಆಗಲೇ ಹಾಲು ಕುಡೀತಿದೆ, ಏನೂ ನೋವಿಲ್ಲ' ಅನ್ನುವ ಸಾಕಣೆದಾರರು ಅದರ ಕಿವಿ ನೋಡಲಿ. ಪದೇ ಪದೇ ಕಿವಿ ಒದರುವುದು, ತಲೆ ಕೊಡವುವುದು, ಹಿಂಗಾಲಿನಿಂದ ನೆತ್ತಿ ಕೆರೆಯಲು ನೋಡುವುದು ಎಲ್ಲವೂ ನೋವಿನ ಗುರುತೇ. ಈ ವಿಷಯದಲ್ಲಿ ಪ್ರಾಣಿಹಕ್ಕಿನವರ ಒತ್ತಾಯ ಸರಿ. ನನ್ನ ತಕರಾರು ಅವರ ಒತ್ತಾಯದ ಮೇಲಲ್ಲ, ಅವರ ಕಣ್ಣಿನ ಮೇಲೆ.

ಯಾಕೆಂದರೆ ಹೊಗೆಯಿಲ್ಲದ ದಾರಿಯೂ ಇದೆ: ಕೋಡಿನ ಮೊಗ್ಗಿಗೆ ಹಚ್ಚುವ ಕ್ಷಾರದ ಪೇಸ್ಟ್. ನೋಡಲು ಮುಲಾಮು ಹಚ್ಚಿದ ಹಾಗೆ, ಯಾರೂ ಬೈಯುವುದಿಲ್ಲ. ಆದರೆ ಅದು ಗಂಟೆಗಟ್ಟಲೆ ಸುಡುತ್ತದೆ, ಮಳೆ ಬಿದ್ದರೆ ಕಣ್ಣಿಗಿಳಿಯುತ್ತದೆ, ತಾಯಿಯ ಕೆಚ್ಚಲಿಗೂ ಪಕ್ಕದ ಕರುವಿಗೂ ತಾಗುತ್ತದೆ.

ಬೀಜ ಒಡೆಯುವುದರಲ್ಲೂ ಇದೇ ಕಥೆ. ರಬ್ಬರ್ ಉಂಗುರ ಹಾಕಿದರೆ ಒಂದು ಹನಿ ರಕ್ತವಿಲ್ಲ. ಹುಟ್ಟಿದ ಮೊದಲ ವಾರದಲ್ಲಿ, ಎರಡೂ ಬೀಜ ಉಂಗುರದ ಕೆಳಗಿವೆ ಎಂದು ಬೆರಳಲ್ಲಿ ಮುಟ್ಟಿ ನೋಡಿ ಹಾಕಿದರೆ ಅದೊಂದು ಮಾತು. ದೊಡ್ಡ ಕರುವಿಗೆ ಹಾಕಿದರೆ ಗಾಯ ವಾರಗಟ್ಟಲೆ ಹಸಿಯಾಗೇ ಇರುತ್ತದೆ, ಸತ್ತ ಮಾಂಸದಲ್ಲಿ ಧನುರ್ವಾಯುವಿನ ಕ್ರಿಮಿಗೆ ಸೊಗಸಾದ ಮನೆ. ಚರ್ಮದ ಮೇಲಿಂದಲೇ ಬೀಜದ ನಾಳ ಜಜ್ಜುವ ಬರ್ಡಿಝೋ ಇಕ್ಕಳ ಎರಡು ಕೈಯಲ್ಲಿ ಅಮುಕುವ ಭಯಂಕರ ಉಪಕರಣದಂತೆ ಕಾಣುತ್ತದೆ, ಆದರೆ ಚರ್ಮ ಹರಿಯುವುದಿಲ್ಲ, ನೊಣ ಕೂರಲು ಗಾಯವೇ ಇರುವುದಿಲ್ಲ. ಎರಡು ಬದಿಯ ಗುರುತು ಒಂದೇ ಗೆರೆಗೆ ಬರದಂತೆ ಮೇಲೆ ಕೆಳಗೆ ಹಿಡಿಯಬೇಕು. ಗೆರೆ ಕೂಡಿಕೊಂಡರೆ ರಕ್ತ ಹರಿಯದೆ ಇಡೀ ಚೀಲ ಕೊಳೆಯುತ್ತದೆ. ನಾಳ ಜಾರಿದರೆ ಮಾಡಿದ್ದೆಲ್ಲ ವ್ಯರ್ಥ, ಆರು ತಿಂಗಳಾದ ಮೇಲೆ ಹೋರಿ ಹೋರಿಯೇ. ಇದಕ್ಕೂ ಮರಗಟ್ಟಿಸದೆ ಕೈ ಹಾಕಬಾರದು.

ಹಾಲು ಬಿಡಿಸಲು ಕರುವಿನ ಮೂಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿಯ ಫೋಟೋ ಕೂಡ ಆಗಾಗ ಬೆಂಕಿ ಹಚ್ಚುತ್ತದೆ. ಮುಳ್ಳಿನದ್ದಾದರೆ ಬೈಯಿರಿ, ಅದು ತಾಯಿಯ ಕೆಚ್ಚಲಿಗೆ ಚುಚ್ಚುತ್ತದೆ. ಮುಳ್ಳಿಲ್ಲದ ಪಟ್ಟಿ ಹಾಕಿ ನಾಲ್ಕೈದು ದಿನ ತಾಯಿಯ ಜೊತೆಗೇ ಬಿಟ್ಟರೆ ಕರು ಮೇಯುತ್ತದೆ, ಮೈ ನೆಕ್ಕಿಸಿಕೊಳ್ಳುತ್ತದೆ, ಮೊಲೆ ಮಾತ್ರ ಬಾಯಿಗೆ ಸಿಗುವುದಿಲ್ಲ. ಆಮೇಲೆ ಬೇರೆ ಮಾಡಿದರೆ ಕೂಗಾಟ ಬಹಳ ಕಡಿಮೆ. ಹಾಲು ಮತ್ತು ತಾಯಿ ಎರಡನ್ನೂ ಒಂದೇ ದಿನ ಕಿತ್ತುಕೊಂಡರೆ ಎರಡು ಮೂರು ದಿನ ಅರಚುತ್ತದೆ, ಬೇಲಿಗುಂಟ ಓಡಾಡಿ ಸೊರಗುತ್ತದೆ. ಅದರ ಫೋಟೋದಲ್ಲಿ ಹುಲ್ಲುಗಾವಲು, ಬೇಲಿ, ಮುದ್ದಾದ ಕರು!

ಕೋಳಿಗಳದ್ದು ಇನ್ನೊಂದು ತೊಡಕು. ಯುರೋಪಿಯನ್ ಒಕ್ಕೂಟ 1999ರಲ್ಲಿ ತೀರ್ಮಾನಿಸಿ 2012ರಿಂದ ಹಳೆಯ ಬಗೆಯ ಪಂಜರವನ್ನು ನಿಷೇಧಿಸಿತು. ಆ ಪಂಜರದಲ್ಲಿ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಜಾಗ, ಎ4 ಹಾಳೆಗಿಂತ ಚಿಕ್ಕದು. ಅದು ಹೋಗಿದ್ದು ಒಳ್ಳೆಯದೇ ಆಯಿತು, ಚಳವಳಿಗೆ ಅದರ ಹೆಸರು ಸಲ್ಲಬೇಕು. ಆದರೆ ಸಾವಿರಾರು ಕೋಳಿ ಒಟ್ಟಿಗೆ ಓಡಾಡುವ ಕಡೆ ಒಂದರ ಪುಕ್ಕ ಇನ್ನೊಂದು ಕಿತ್ತು, ರಕ್ತ ಕಂಡರೆ ಕುಕ್ಕಿ ಕೊಂದೇಬಿಡುತ್ತದೆ. ಅದಕ್ಕೆಂದು ಕೊಕ್ಕಿನ ತುದಿ ಕತ್ತರಿಸುತ್ತಾರೆ. ಎತ್ತರದ ಕಂಬಿಗೆ ಹಾರಿ ಬಿದ್ದು ಎದೆಮೂಳೆ ಮುರಿಯುವುದಂತೂ ಗರಿಯ ಕೆಳಗೆ ನಡೆಯುವ ಸಂಗತಿ. 'ಪಂಜರಮುಕ್ತ' ಎಂಬ ಚೀಟಿ ಇದ್ಯಾವುದನ್ನೂ ಹೇಳುವುದಿಲ್ಲ. ಮರಿಯಿಂದಲೇ ಕೆದಕಲು ಒಣಹೊಟ್ಟು, ಹದವಾದ ಬೆಳಕು, ಮೇವಿನಲ್ಲಿ ಸಾಕಷ್ಟು ಮೆಥಿಯೋನಿನ್ ಎಂಬ ಪ್ರೋಟೀನಿನ ಅಂಶ ಕೊಡದೆ ಬರೀ ಬಾಗಿಲು ತೆರೆದರೆ ಆಗುವುದು ಇದೇ.

ಸಾಕಣೆದಾರರ ಕಡೆಯ ದೊಡ್ಡ ಮೂರ್ಖತನವೆಂದರೆ ಕ್ಯಾಮೆರಾವನ್ನೇ ಅಪರಾಧ ಮಾಡಹೊರಡುವುದು. ಅಮೆರಿಕದ ಐಡಾಹೊ ರಾಜ್ಯ 2014ರಲ್ಲಿ ಅಂಥ ಕಾಯ್ದೆ ತಂದಿತು. ಚಿತ್ರೀಕರಣ ನಿಷೇಧಿಸುವ ಭಾಗವನ್ನು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತು. ಅಡಗಿಸಿದ್ದರಿಂದ ಅನುಮಾನ ಬೆಳೆಯಿತೇ ಹೊರತು ಒಂದು ಕರುವಿಗೂ ಲಿಡೊಕೇನ್ ಸಿಗಲಿಲ್ಲ.

ಕೊಟ್ಟಿಗೆಗೆ ಕ್ಯಾಮೆರಾ ತರುವವರಿಗೆ ಒಂದು ಕೋರಿಕೆ. ಹಾಲಿನ ಹಸುಗಳನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಒಂದೊಂದಾಗಿ ನಡೆಸಿ, ಪಕ್ಕದಿಂದ ಚಿತ್ರೀಕರಿಸಿ. ನಿಂತಾಗ ನೇರವಾಗಿದ್ದ ಬೆನ್ನು ನಡೆಯುವಾಗ ಕಮಾನಾದರೆ, ಹೆಜ್ಜೆಗೊಮ್ಮೆ ತಲೆ ತಗ್ಗಿ ಎದ್ದರೆ, ಆ ಹಸುವಿಗೆ ಗೊರಸಿನ ನೋವಿದೆ. ರಕ್ತವಿಲ್ಲ, ಹೊಗೆಯಿಲ್ಲ, ಯಾರೂ ಹೊಡೆಯುತ್ತಿಲ್ಲ. ಬಹುಶಃ ಲೈಕೂ ಬರುವುದಿಲ್ಲ. ಆ ಹಸು ಹಾಗೆ ತಿಂಗಳುಗಟ್ಟಲೆ ನಡೆದಿರುತ್ತದೆ, ದಿನಾ ಎರಡು ಹೊತ್ತು ಹಾಲು ಕರೆಯುವವರ ಕಣ್ಣೆದುರೇ.