ನಾಯಕತ್ವ ಶಿಬಿರಕ್ಕಿಂತ ಮೆಸ್ ಕಮಿಟಿ ವಾಸಿ

ವಿದ್ಯಾರ್ಥಿಗಳಿಗೆ ನಾಯಕತ್ವ ತರಬೇತಿ ಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ಕೊಡ್ತಿರೋ ರೀತಿ ಬಗ್ಗೆ ಇದೆ. ಇತ್ತೀಚೆಗೆ ಮೈಸೂರಿನಲ್ಲೇ ಇಂಥದ್ದೊಂದು ಶಿಬಿರಕ್ಕೆ ಹೋಗಿದ್ದೆ. ಕಾಲೇಜಿನ ಹೆಸರು ಬೇಡ ಬಿಡಿ. ದೀಪ ಬೆಳಗಿ, ಅತಿಥಿಗಳಿಗೆಲ್ಲ ಮೈಸೂರು ಪೇಟ ತೊಡಿಸಿ, ಭಾಷಣಗಳು ಮುಗಿಯೋ ಹೊತ್ತಿಗೆ ಊಟದ ವೇಳೆ. ಮಧ್ಯಾಹ್ನ ಪಿಪಿಟಿ: ಹೇಗೆ ನಿಲ್ಲಬೇಕು, ಹೇಗೆ ಕೈ ಕುಲುಕಬೇಕು. ಹಿಂದಿನ ಸಾಲಿನ ಹುಡುಗರು ರೀಲ್ಸ್‌ನಲ್ಲಿ ಮುಳುಗಿದ್ದರು, ಅವರನ್ನು ಬೈಯೋಕೆ ನನಗಂತೂ ಮನಸ್ಸು ಬರಲಿಲ್ಲ. ಕಡೆಗೆ ಸರ್ಟಿಫಿಕೇಟು, ಗ್ರೂಪ್ ಫೋಟೊ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನವರಿಗೆ ತೋರಿಸೋಕೆ ಒಂದು ಫೈಲು. ಇಡೀ ದಿನದಲ್ಲಿ ಮಕ್ಕಳೇ ತಗೊಂಡ ತೀರ್ಮಾನ ಒಂದೂ ಇಲ್ಲ. ವಂದನಾರ್ಪಣೆ ಯಾರದ್ದು ಅಂತ ಕೂಡ ಮೇಷ್ಟ್ರೇ ಗೊತ್ತು ಮಾಡಿದ್ದರು.

ನನ್ನ ಅಕ್ಕನ ಮಗಳು ಮದ್ದೂರು ಕಡೆಯವಳು. ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನಲ್ಲಿ ಮೆಸ್ ಸೆಕ್ರೆಟರಿ ಆಗಿದ್ದಳು. ತಿಂಗಳ ಖರ್ಚನ್ನು ಊಟ ಮಾಡಿದವರ ಮೇಲೆ ಹಂಚುವ ಡಿವೈಡಿಂಗ್ ಸಿಸ್ಟಮ್ಮು. ಟೊಮೆಟೊ ರೇಟು ಏರಿದ ತಿಂಗಳು ಬಿಲ್ಲು ಜಾಸ್ತಿ ಬಂತು, ದುಡ್ಡು ಹೊಡೆದಿದ್ದಾಳೆ ಅನ್ನೋವರೆಗೂ ಮಾತು ಹೋಯ್ತು. ಇವಳು ಬಂಡಿಪಾಳ್ಯ ಮಾರ್ಕೆಟ್ಟಿನ ಚೀಟಿಗಳನ್ನೆಲ್ಲ ತಂದು ಊಟದ ಹಾಲ್‌ನ ಗೋಡೆಗೆ ಅಂಟಿಸಿದಳು. ರಾತ್ರಿ ಎಲ್ಲರನ್ನೂ ಕೂರಿಸಿ, ಭಾನುವಾರದ ಚಿಕನ್ ಬಿಡ್ತೀರೋ, ದಿನಾ ಸಂಜೆಯ ತಿಂಡಿ ಬಿಡ್ತೀರೋ ಅಂತ ಕೇಳಿದಳು. ತಿಂಡಿ ಹೋಯ್ತು, ಚಿಕನ್ ಉಳೀತು! "ಬೈದೋರೆಲ್ಲ ನನ್ನ ಫ್ರೆಂಡ್ಸೇ ಚಿಕ್ಕಮ್ಮ, ಬೆಳಗಾದ್ರೆ ಅವರ ಜೊತೆನೇ ತಿಂಡಿಗೆ ಕೂರ್ಬೇಕಲ್ಲ" ಅಂದಿದ್ದಳು. ಯಾವ ಪಿಪಿಟಿಯಲ್ಲಿದೆ ಇದು?

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹೆಚ್ಚೂಕಮ್ಮಿ ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗೆ ಬಾಗಿಲು ಹಾಕಲಾಯಿತು. ಗಲಾಟೆ, ಹೊಡೆದಾಟ, ಪಕ್ಷಗಳ ಕೈವಾಡ ಇದ್ದದ್ದು ಸುಳ್ಳಲ್ಲ. ಆದರೆ ಅದಕ್ಕೆ ಕಡಿವಾಣ ಹಾಕೋಕೆ ಅಂತಲೇ 2006ರಲ್ಲಿ ಲಿಂಗ್ಡೋ ಸಮಿತಿ ದಾರಿ ತೋರಿಸಿದೆ: ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಇರಬಾರದು. 21 ತುಂಬಿದ ಹುಡುಗಿ ಊರಲ್ಲಿ ಗ್ರಾಮ ಪಂಚಾಯ್ತಿಗೆ ನಿಂತು ಗೆಲ್ಲಬಹುದು, ಕಾಲೇಜಿನಲ್ಲಿ ಮಾತ್ರ ಕ್ಲಾಸ್ ರೆಪ್ರೆಸೆಂಟೇಟಿವ್ ಯಾರಾಗಬೇಕು ಅಂತ ವಿಭಾಗದ ಮುಖ್ಯಸ್ಥರೇ ಹೇಳಬೇಕು.

ಚುನಾವಣೆ ಇವತ್ತೇ ಬೇಡ ಅನ್ನೋರ ಭಯ ನನಗೂ ಅರ್ಥ ಆಗುತ್ತೆ. ಸರಿ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆಯಲ್ಲ. 1969ರಿಂದ ಇದೆ, ಎರಡು ವರ್ಷಕ್ಕೆ 240 ಗಂಟೆ ಸೇವೆ, ಹಳ್ಳಿಯಲ್ಲಿ ಏಳು ದಿನದ ಶಿಬಿರ. ಆ ಶಿಬಿರದ ಬಜೆಟ್ಟನ್ನು ಮಕ್ಕಳೇ ಹಾಕಲಿ. ಯಾವ ಕೆಲಸ ಮಾಡಬೇಕು ಅಂತ ಶ್ರೀರಂಗಪಟ್ಟಣದ್ದೋ ಪಾಂಡವಪುರದ್ದೋ ಒಂದು ಊರಿನವರ ಜೊತೆ ಕೂತು ಅವರೇ ಮಾತಾಡಲಿ. ಮುಗಿದ ಮೇಲೆ ಖರ್ಚಿನ ಲೆಕ್ಕವನ್ನು ಅದೇ ಊರಿನ ಅರಳಿಕಟ್ಟೆ ಹತ್ತಿರ ನಿಂತು ಓದಲಿ, ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಲಿ. ಮೇಷ್ಟ್ರುಗಳು ಹಿಂದಿನ ಸಾಲಿನಲ್ಲಿ ಕೂತಿರಲಿ, ಬೇಕಾದರೆ ರೀಲ್ಸ್ ನೋಡಿಕೊಂಡು.